ಹತ್ತನೇ ಫಾರಂ

ಆ ಊರಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳುತ್ತಿದ್ದದ್ದು ‘ಚೆನ್ನಾಗಿದ್ದೀರಾ’ ಎಂದಲ್ಲ, ‘ಎಷ್ಟಾಯ್ತು’ ಎಂದು. ಹೊಸದಾಗಿ ಬಂದವರು ವಯಸ್ಸು ಕೇಳುತ್ತಿದ್ದಾರೆಂದೋ ಸಕ್ಕರೆ ಕಾಯಿಲೆಯ ವಿಚಾರವೆಂದೋ ತಿಳಿದು ತಬ್ಬಿಬ್ಬಾಗುತ್ತಿದ್ದರು. ಕೇಳುತ್ತಿದ್ದದ್ದು ಪುಸ್ತಕದ ಸಂಗತಿ. ಈ ವರ್ಷ ಇಲ್ಲಿಯವರೆಗೆ ಎಷ್ಟು ಓದಿ ಮುಗಿಸಿದಿರಿ, ಅಷ್ಟೇ.

ಊರಿಗೆ ಈ ಚಟ ಹತ್ತಿಸಿದ್ದು ಓದುಗರ ಬಳಗ. ಬಳಗದ ಸಭಾಂಗಣದಲ್ಲಿ ಗೋಡೆಯಷ್ಟು ದೊಡ್ಡ ಹಸಿರು ಹಲಗೆಯಿತ್ತು. ಎಡಕ್ಕೆ ಸದಸ್ಯರ ಹೆಸರು, ಬಲಕ್ಕೆ ಸಂಖ್ಯೆ. ಸೀಮೆಸುಣ್ಣವನ್ನು ದಾರಕ್ಕೆ ಕಟ್ಟಿ ಅಲ್ಲೇ ತೂಗುಹಾಕಿದ್ದರು. ಭಾನುವಾರ ಬೆಳಿಗ್ಗೆ ಯಾರು ಬೇಕಾದರೂ ಬಂದು ತಮ್ಮ ಸಂಖ್ಯೆಯನ್ನು ಅಳಿಸಿ ಇನ್ನೊಂದು ಬರೆಯಬಹುದಿತ್ತು. ಅಳಿಸಿ ಕಡಿಮೆ ಬರೆದವರನ್ನು ಮಾತ್ರ ಯಾರೂ ನೋಡಿರಲಿಲ್ಲ. ಹಲ್ಲಿನ ಡಾಕ್ಟರದು ಎಪ್ಪತ್ತೈದು. ರೋಗಿ ಬಾಯಿ ತೆರೆದುಕೊಂಡಿರುವಾಗ ಇವರು ಪುಟ ತಿರುಗಿಸುತ್ತಾರೆಂದು ಪ್ರತೀತಿ. ಗಣಿತದ ಮೇಷ್ಟ್ರು ಒಂದೇ ಪಠ್ಯಪುಸ್ತಕವನ್ನು ಮೂರು ಸೆಕ್ಷನ್ನಿಗೆ ಪಾಠ ಮಾಡುತ್ತಿದ್ದರಿಂದ ಅದನ್ನು ಮೂರು ಎಂದು ಬರೆದುಕೊಂಡಿದ್ದರು. ಅರ್ಧಕ್ಕೆ ಬಿಟ್ಟ ಪುಸ್ತಕಗಳ ಗತಿಯೇನು ಎಂದು ಒಮ್ಮೆ ದೊಡ್ಡ ಜಗಳವಾಗಿ, ಕೊನೆಗೆ ಎರಡು ಅರ್ಧ ಸೇರಿದರೆ ಒಂದು ಎಂದು ತೀರ್ಮಾನವಾಗಿತ್ತು. ಹಲಗೆಯ ತುತ್ತತುದಿಯಲ್ಲಿದ್ದ ಹೆಸರು ಬಳಗದ ಅಧ್ಯಕ್ಷರದು. ನೀರಿನ ಇಲಾಖೆಯಲ್ಲಿ ದೊಡ್ಡ ಸಾಹೇಬರಾಗಿದ್ದು ನಿವೃತ್ತರಾದವರು. ಹಿಂದಿನ ವರ್ಷ ಅವರು ಓದಿದ್ದು ನೂರಾಹನ್ನೆರಡು. ಅಂದಿನಿಂದ ಊರವರು ಎದುರಿಗೆ ಸಾರ್ ಎಂದರೂ ಬೆನ್ನ ಹಿಂದೆ ಅವರನ್ನು ನೂರಾಹನ್ನೆರಡು ಎಂದೇ ಕರೆಯುತ್ತಿದ್ದರು.

ಹಾಳೆ ಮಡಿಸುವ ಮಡಿಕೆಯಕ್ಕನಿಗೆ ಮಾತ್ರ ಯಾರೂ ‘ಎಷ್ಟಾಯ್ತು’ ಎಂದು ಕೇಳುತ್ತಿರಲಿಲ್ಲ. ದಿನಕ್ಕೆ ನಾನೂರೈನೂರು ಪುಸ್ತಕ ಅವಳ ಕೈದಾಟಿ ಹೋಗುತ್ತಿದ್ದರೂ ಅವಳು ಓದುವವಳಲ್ಲ, ಜೋಡಿಸುವವಳು.

ಬೈಂಡಿಂಗ್ ಅಂಗಡಿಯಲ್ಲಿ ಅವಳದು ಹದಿನೇಳನೆಯ ವರ್ಷ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟು. ಅದಕ್ಕೆ ಅಂಗಡಿಯಲ್ಲಿ ಫಾರಂ ಎನ್ನುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಒಂದನೇ ಫಾರಮ್ಮಿನದೊಂದು ಗುಡ್ಡೆ, ಎರಡನೆಯದರದೊಂದು, ಹೀಗೆ ಸಾಲಾಗಿ ಇಟ್ಟು, ಆ ತುದಿಯಿಂದ ಈ ತುದಿಗೆ ನಡೆಯುತ್ತ ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿಕೊಳ್ಳಬೇಕು. ತುದಿ ಮುಟ್ಟುವಾಗ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಮತ್ತೆ ಮೊದಲಿನಿಂದ. ಪ್ರತಿ ಫಾರಮ್ಮಿನ ಬೆನ್ನಿಗೂ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ, ಒಂದರದಕ್ಕಿಂತ ಇನ್ನೊಂದರದು ಸ್ವಲ್ಪ ಕೆಳಗೆ. ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನ ಮೇಲೆ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಮಡಿಕೆಯಕ್ಕ ಪ್ರತಿ ಪುಸ್ತಕದ ಮೆಟ್ಟಿಲನ್ನೂ ಒಮ್ಮೆ ಕಣ್ಣಲ್ಲಿ ಇಳಿದೇ ಪಕ್ಕಕ್ಕಿಡುತ್ತಿದ್ದಳು. ಹದಿನೇಳು ವರ್ಷ ಹಾಗೇ ಇಳಿದಿದ್ದಳು, ಒಂದು ದಿನ ಬಿಟ್ಟು.

ಆ ದಿನ ಮಗಳಿಗೆ ಜ್ವರ. ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ರಜೆ ಹಾಕಿ ಮನೆಯಲ್ಲಿ ಕೂರುವ ಸುಖ ಅವಳಿಗಿರಲಿಲ್ಲ. ಮೇಜಿನ ಮೇಲಿದ್ದದ್ದು ನೂರಾಹನ್ನೆರಡರವರು ಸ್ವತಃ ಬರೆದ ಕಾದಂಬರಿ. ಹನ್ನೆರಡು ಫಾರಂ, ಐನೂರು ಪ್ರತಿ, ಸಂಜೆಯೊಳಗೆ ಬೇಕು. ಪ್ರೆಸ್ಸಿನವರು ಕಳಿಸಿದ್ದು ಮಾತ್ರ ಹದಿಮೂರು ಕಟ್ಟು. ಒಂಬತ್ತನೇ ಫಾರಂ ಮೊದಲ ಸಲ ಮಂಕಾಗಿ ಅಚ್ಚಾಗಿದ್ದರಿಂದ ಮತ್ತೊಮ್ಮೆ ಅಚ್ಚು ಹಾಕಿದ್ದರು, ಕೆಟ್ಟದ್ದನ್ನು ಎಸೆಯುವ ಬದಲು ಅದನ್ನೂ ಕಟ್ಟಿ ಕಳಿಸಿದ್ದರು. ಮೇಜಿನ ಮೇಲೆ ಜಾಗ ಇದ್ದದ್ದು ಹನ್ನೆರಡಕ್ಕೆ. ಅವಳು ಹನ್ನೆರಡು ಕಟ್ಟು ಬಿಚ್ಚಿ ಸಾಲಾಗಿಟ್ಟು, ಉಳಿದೊಂದನ್ನು ಕೆಟ್ಟದ್ದೆಂದು ಮೇಜಿನ ಕೆಳಗೆ ತಳ್ಳಿದಳು. ಮನಸ್ಸು ಮಗಳ ಹಣೆಯ ಮೇಲಿತ್ತು, ಕೈ ಮಾತ್ರ ಮೇಜಿನ ಮೇಲೆ ಓಡಾಡುತ್ತಿತ್ತು. ಸಂಜೆಯ ಹೊತ್ತಿಗೆ ಐನೂರು ಪುಸ್ತಕ ಹೊಲಿಗೆಗೆ ಹೋದವು, ರಟ್ಟು ಕಟ್ಟಿಸಿಕೊಂಡವು, ಮರುದಿನ ಬಿಡುಗಡೆಯೂ ಆದವು.

ಎಂಟು ದಿನ ಬಿಟ್ಟು ಮೇಜಿನ ಕೆಳಗೆ ಗುಡಿಸುವಾಗ ಪೊರಕೆಗೆ ಒಂದು ಕಟ್ಟು ತಡೆಯಿತು. ಎಳೆದು ನೋಡಿದಳು. ಹತ್ತನೇ ಫಾರಂ. ಐನೂರು.

ಕಪಾಟಿನಲ್ಲಿ ಅಂಗಡಿಗೆಂದು ಇಟ್ಟುಕೊಂಡಿದ್ದ ಒಂದು ಪ್ರತಿಯನ್ನು ತೆಗೆದು ಬಿಡಿಸಿದಳು. ನೂರ ನಲವತ್ತನಾಲ್ಕನೇ ಪುಟ ಮುಗಿದ ಮೇಲೆ ಮತ್ತೆ ನೂರ ಇಪ್ಪತ್ತೊಂಬತ್ತು, ಅದೂ ಮಂಕು ಅಚ್ಚಿನಲ್ಲಿ. ಹದಿನಾರು ಪುಟ ಎರಡೆರಡು ಸಲ ಓಡಿ, ಅಲ್ಲಿಂದ ನೇರವಾಗಿ ನೂರ ಅರವತ್ತೊಂದಕ್ಕೆ ನೆಗೆತ. ನಡುವಿನ ಹದಿನಾರು ಪುಟ ಅವಳ ಕಾಲ ಬಳಿ ಸೆಣಬಿನ ದಾರ ಕಟ್ಟಿಕೊಂಡು ಕೂತಿದ್ದವು.

ಅಂಗಡಿಯ ಯಜಮಾನರಿಗೆ ಒಂದು ನಿಯಮವಿತ್ತು. ಯಾರ ಕೈತಪ್ಪಿನಿಂದ ಪುಸ್ತಕ ವಾಪಸು ಬರುತ್ತದೋ ಅವರು ಪುಸ್ತಕದ ಹಿಂದೆಯೇ ಮನೆಗೆ ಹೋಗಬೇಕು. ರಟ್ಟನ್ನು ತಲೆಕೆಳಗಾಗಿ ಅಂಟಿಸಿದ್ದ ಹೊಲಿಗೆಯ ಹುಡುಗಿ ಎರಡು ವರ್ಷದ ಹಿಂದೆ ಹಾಗೇ ಹೋಗಿದ್ದಳು. ಅವಳದು ನಲವತ್ತು ಪುಸ್ತಕ. ಇವಳದು ಐನೂರು.

“ಅಣ್ಣಾ, ನನ್ನ ಕಥೆ ಮುಗೀತು,” ಎಂದಳು, ಅಂಚು ಕತ್ತರಿಸುವ ಮಷೀನಿನ ಹತ್ತಿರ ಹೋಗಿ.

ಕಟಿಂಗಿನಣ್ಣ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ. “ಏನಾಗಿದೆ? ರಟ್ಟು ನೆಟ್ಟಗಿದೆಯಲ್ಲ.”

“ಒಳಗಣ್ಣಾ.”

“ಒಳಗಾ?” ಅವನು ನಕ್ಕುಬಿಟ್ಟ. “ನನ್ನದು ಇಪ್ಪತ್ತೆರಡು ವರ್ಷ ಸರ್ವೀಸು ಅಕ್ಕ. ರಟ್ಟು ಸೊಟ್ಟಗಾದ್ರೆ ವಾಪಸ್ ಬರುತ್ತೆ, ಬಣ್ಣ ಬಿಟ್ರೆ ವಾಪಸ್ ಬರುತ್ತೆ. ಒಳಗೆ ಏನಾಗಿದೆ ಅಂತ ಇದುವರೆಗೆ ಒಂದೂ ಬಂದಿಲ್ಲ. ಸುಮ್ನೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊ.”

“ಐನೂರು ಜನ ಓದ್ತಾರಲ್ಲ.”

“ಐನೂರು ಜನ ತಗೊಂಡಿದ್ದಾರೆ.”

ಅವಳು ಬೀಗ ಹಾಕಿಕೊಂಡಳು. ಕಟ್ಟನ್ನು ಬಿಚ್ಚಿ ದಿನಕ್ಕಿಷ್ಟರಂತೆ ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಸಾಗಿಸಿ ಮಂಚದ ಕೆಳಗೆ ಪೇರಿಸಿದಳು. ಯಾರಾದರೂ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಬಾಗಿಲಲ್ಲಿ ಕಂಡರೆ ಇವಳು ಗೋಂದಿನ ಡಬ್ಬದಲ್ಲಿ ಮುಖ ಹುದುಗಿಸುತ್ತಿದ್ದಳು. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು. ಯಾರೂ ಬರಲಿಲ್ಲ.

ಓದುತ್ತಿಲ್ಲವೆಂದೇನಲ್ಲ. ಬಳಗದವರು ಅದನ್ನು ವರ್ಷದ ಪುಸ್ತಕ ಎಂದು ಆರಿಸಿದರು. ಭಾನುವಾರದ ಹಲಗೆಯಲ್ಲಿ ಎಲ್ಲರ ಸಂಖ್ಯೆಯೂ ಒಟ್ಟಿಗೆ ಒಂದೊಂದು ಏರಿತು. ಬರೆದವರು ತಮ್ಮದಕ್ಕೆ ಎರಡು ಏರಿಸಿಕೊಂಡರು, ಬರೆದದ್ದಕ್ಕೊಂದು, ಓದಿದ್ದಕ್ಕೊಂದು. ಮಡಿಕೆಯಕ್ಕ ಹಲ್ಲು ತೋರಿಸಲು ಹೋದಾಗ ಡಾಕ್ಟರು ಅವಳ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಅದರ ಗುಣಗಾನ ಮಾಡಿದರು.

“ಆ ಸೋದರತ್ತೆ ಪಾತ್ರ ಇದೆಯಲ್ಲ, ಅದ್ಭುತ. ಆಕೆ ಸಾಯೋ ಜಾಗದಲ್ಲಿ ನಾನು ಅತ್ತುಬಿಟ್ಟೆ. ಬಾಯಿ ಇನ್ನೂ ಸ್ವಲ್ಪ ತೆಗೀರಿ.”

ಮಡಿಕೆಯಕ್ಕನಿಗೆ ಉತ್ತರಿಸುವ ಸ್ಥಿತಿ ಇರಲಿಲ್ಲ. ದಾರಿಯುದ್ದಕ್ಕೂ ಯೋಚಿಸುತ್ತ ಬಂದಳು. ಸೋದರತ್ತೆ ಎಲ್ಲಿ ಸಾಯುತ್ತಾಳೆ?

ಅದಕ್ಕೆ ಉತ್ತರ ಮನೆಯಲ್ಲಿಯೇ ಇತ್ತು, ಮಂಚದ ಕೆಳಗೆ. ಅವಳಿಗಿಂತ ಮೊದಲು ಅದನ್ನು ಹತ್ತು ವರ್ಷದ ಮಗಳು ಕಂಡುಕೊಂಡಿದ್ದಳು. ಅಂದು ಸಂಜೆ ಸೊಪ್ಪು ಸೋಸುತ್ತಿದ್ದಾಗ ಮಗಳು ಒಂದು ಫಾರಂ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅಮ್ಮಾ, ಈ ಅತ್ತೆ ಯಾರು?”

“ಯಾವ ಅತ್ತೆ?”

“ಇದ್ರಲ್ಲಿ ಬರೋಳು. ಅಟ್ಟದಿಂದ ಟ್ರಂಕು ಇಳಿಸ್ಕೊಂಡು, ಎಲ್ಲರ ಎದುರಿಗೇ ಚಪ್ಪಲಿ ಮೆಟ್ಕೊಂಡು, ಗೇಟು ದಾಟಿ ಹೋಗ್ಬಿಡ್ತಾಳೆ. ನಗ್ತಾ ಹೋಗ್ತಾಳೆ. ಯಾಕೆ ಹೋದ್ಲು ಅಂತ ಹಿಂದಿನ ಪುಟದಲ್ಲಿರುತ್ತೆ. ಹಿಂದಿಂದು ಎಲ್ಲಿ?”

“ಹಿಂದಿಂದು ಊರವರ ಹತ್ರ ಇದೆ ಕಂದ.”

“ಮುಂದಿಂದು?”

“ಅದೂ ಅವರ ಹತ್ರಾನೇ.”

ಮಗಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಹಾಗಾದ್ರೆ ಅವರಿಗೆ ಅತ್ತೆ ಹೋಗಿದ್ದು ಗೊತ್ತಿಲ್ಲ. ನಮಗೆ ಹೋಗಿದ್ದು ಮಾತ್ರ ಗೊತ್ತು.”

“ಹೂಂ.”

“ಅವರು ಕೇಳ್ಕೊಂಡು ಬರಲಿಲ್ವಾ?”

ಮಡಿಕೆಯಕ್ಕ ಸೊಪ್ಪಿನ ದಂಟನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮುರಿದಳು. ಯಾರೂ ಬರದಿದ್ದರೆ ಸಾಕಪ್ಪಾ ಎಂದು ಅಷ್ಟು ದಿನ ಕಾದವಳಿಗೆ, ಯಾರೂ ಬರಲಿಲ್ಲವಲ್ಲ ಎಂದು ಮೊದಲ ಸಲ ಹೊಟ್ಟೆಯುರಿದದ್ದು ಆಗ. ಹದಿನೇಳು ವರ್ಷ ಒಂದೊಂದು ಮೆಟ್ಟಿಲನ್ನೂ ಯಾರಿಗಾಗಿ ಇಳಿದೆ? ಒಂಬತ್ತರ ಪಕ್ಕ ಒಂಬತ್ತಿದ್ದರೂ ಕಾಣದ ಕಣ್ಣುಗಳಿಗಾಗಿಯೇ? ಅಂದು ಪಾತ್ರೆ ತೊಳೆದಾದ ಮೇಲೆ ಅವಳೂ ಆ ಹದಿನಾರು ಪುಟಗಳನ್ನು ಓದಿದಳು. ತಾನು ಜೋಡಿಸಿದ ಪುಸ್ತಕವನ್ನು ಓದಿದ್ದು ಅದೇ ಮೊದಲು. ಸೋದರತ್ತೆ ಬಹಳ ಹಿಡಿಸಿದಳು. ನೂರಾಹನ್ನೆರಡರವರು ಇಷ್ಟು ಚೆನ್ನಾಗಿ ಬರೆಯುತ್ತಾರೆಂದು ಊರಿನಲ್ಲಿ ಗೊತ್ತಿದ್ದದ್ದು ಈಗ ಇಬ್ಬರಿಗೇ, ಅವಳಿಗೆ ಮತ್ತು ಮಗಳಿಗೆ.

ಆರು ತಿಂಗಳ ಮೇಲೆ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಯಜಮಾನರು ಅದನ್ನು ಅಂಗಡಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಓದಿದರು. ಮಡಿಕೆಯಕ್ಕ ಗೋಂದು ಕಲಸುತ್ತಿದ್ದಳು.

“‘ಕಾದಂಬರಿಯ ನಡುವೆ ಹದಿನಾರು ಪುಟಗಳು ಹಾಗೆಯೇ ಮರುಕಳಿಸುತ್ತವೆ.’”

ಸಿಕ್ಕಿಬಿದ್ದೆ ಎಂದುಕೊಂಡಳು. ಮಗಳ ಶಾಲೆ, ಮನೆಯ ಬಾಡಿಗೆ, ಎಲ್ಲ ಒಂದು ಸಲ ಕಣ್ಣ ಮುಂದೆ ಹಾದುಹೋಯಿತು.

“‘ಇದು ನಮ್ಮ ಸಾಹಿತ್ಯದಲ್ಲಿ ಹಿಂದೆಂದೂ ಕಾಣದ ದಿಟ್ಟ ತಂತ್ರ. ಎರಡನೆಯ ಸಲ ಅಕ್ಷರಗಳು ಮಂಕಾಗುತ್ತವೆ, ನೆನಪು ಮಾಸುವ ಹಾಗೆ. ಆಮೇಲೆ ಪುಟಸಂಖ್ಯೆಯೇ ನೆಗೆಯುತ್ತದೆ. ಸಾವನ್ನು ಹೇಳದೆ ಹೇಳುವ ಈ ಮೌನದ ಮುಂದೆ ವಿಮರ್ಶಕನೂ ಮೂಕನಾಗುತ್ತಾನೆ.’”

ಮೂಕನಾದ ಮೇಲೂ ವಿಮರ್ಶಕರು ಇನ್ನೊಂದು ಕಾಲಂ ಬರೆದಿದ್ದರು. ಯಜಮಾನರು ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿದ್ರಾ? ನಮ್ಮ ಅಂಗಡೀಲಿ ಆದ ಪುಸ್ತಕ.”

“ನಮ್ಮ ಅಂಗಡೀಲೇ ಆದದ್ದು ಸಾರ್,” ಎಂದ ಕಟಿಂಗಿನಣ್ಣ, ಮಡಿಕೆಯಕ್ಕನ ಕಡೆ ನೋಡದೆ. “ಬೇರೆ ಎಲ್ಲೂ ಆಗೋಕೆ ಸಾಧ್ಯವೇ ಇಲ್ಲ.”

ವಿಮರ್ಶೆಗೆ ಗಾಜು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದರು. ಅವಳು ದಿನವೂ ತನ್ನ ತಪ್ಪಿನ ಕೆಳಗೆ ನಡೆದು ಒಳಗೆ ಬರುತ್ತಿದ್ದಳು.

ವರ್ಷದ ಕೊನೆಯ ಭಾನುವಾರ ಮಧ್ಯಾಹ್ನ ಬಳಗದ ವಾರ್ಷಿಕ ಸಭೆ. ಪುಸ್ತಕದ ಮೇಜು ನೋಡಿಕೊಳ್ಳಲು ಯಜಮಾನರು ಮಡಿಕೆಯಕ್ಕನನ್ನು ಕರೆದುಕೊಂಡು ಹೋಗಿದ್ದರು, ಮಗಳೂ ಜೊತೆಗೆ ಬಂದಿದ್ದಳು. ಒಬ್ಬೊಬ್ಬರೇ ಎದ್ದು ತಮ್ಮ ಸಂಖ್ಯೆ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಸಂಖ್ಯೆ ದೊಡ್ಡದಾದಷ್ಟೂ ಚಪ್ಪಾಳೆ ಜೋರು, ಹೊಟ್ಟೆಕಿಚ್ಚೂ ಜೋರು. ಅರವತ್ತನಾಲ್ಕು. ಎಪ್ಪತ್ತೊಂಬತ್ತು. ಒಬ್ಬ ತರುಣ ಎಂಬತ್ತೆಂಟು ಎಂದ. ಅವನು ಪುಸ್ತಕಗಳ ಸಾರಾಂಶವನ್ನು ಫೋನಿನಲ್ಲಿ ಎರಡರಷ್ಟು ವೇಗಕ್ಕಿಟ್ಟು ಕೇಳುವವನು. “ಹಾಗಾದ್ರೆ ನಲವತ್ತನಾಲ್ಕೇ ಆಯ್ತು,” ಎಂದು ಹಿಂದಿನಿಂದ ಯಾರೋ ಗೊಣಗಿದರು. ಕೊನೆಯಲ್ಲಿ ನೂರಾಹನ್ನೆರಡರವರು ಎದ್ದು ಮೆಲ್ಲಗೆ, ತಮಗೇ ನಾಚಿಕೆಯೆಂಬಂತೆ, “ನೂರ ಮೂವತ್ತೊಂದು” ಎಂದರು. ಸಭೆ ಎದ್ದು ನಿಂತಿತು.

ಅದೇ ಹೊತ್ತಿಗೆ ಲಾಂಡ್ರಿಯಮ್ಮ ಒಳಗೆ ಬಂದದ್ದು. ಮೂಲೆಯ ಲಾಂಡ್ರಿ ಅವಳದು. ಊಟದ ಮೇಜಿಗೆ ಹಾಸುವ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ತಂದಿದ್ದಳು. ಅಷ್ಟೆತ್ತರದ ಬಟ್ಟೆಯ ಗಂಟಿನ ಮೇಲೆ ಒಂದು ಪುಸ್ತಕ. ನೂರಾಹನ್ನೆರಡರವರದೇ ಕಾದಂಬರಿ. ಕೋಟು ಒಗೆಯಲು ಕೊಡುವಾಗ ಅವರೇ ಉಡುಗೊರೆ ಕೊಟ್ಟಿದ್ದರು. ಅವರು ಅದನ್ನು ಹಾಲಿನವನಿಗೂ ಕೊಟ್ಟಿದ್ದರು.

“ಏನಮ್ಮಾ, ನಿಮ್ಮದೆಷ್ಟಾಯ್ತು?” ಎಂದರು ಹಲ್ಲಿನ ಡಾಕ್ಟರು ತಮಾಷೆಗೆ.

“ಒಂದು,” ಎಂದಳು ಲಾಂಡ್ರಿಯಮ್ಮ. ಸಭೆ ಪ್ರೀತಿಯಿಂದ ನಕ್ಕಿತು. “ಅದೂ ಮುಗಿದಿಲ್ಲ. ಸಾಹೇಬರು ಇಲ್ಲೇ ಇದ್ದೀರಲ್ಲ, ಒಂದು ಮಾತು ಕೇಳ್ಲಾ?”

“ಕೇಳಿಮ್ಮಾ, ಸಂಕೋಚ ಬೇಡ.”

“ಮಷೀನು ತಿರುಗೋ ಹೊತ್ತಲ್ಲಿ ದಿನಾ ಒಂದೆರಡು ಪುಟ ಓದ್ತೀನಿ. ನೂರ ನಲವತ್ತನಾಲ್ಕಕ್ಕೆ ಬಂದಾಗ ಅತ್ತೆ ಅಟ್ಟ ಹತ್ತುತ್ತಾ ಇದ್ಲು. ಪುಟ ತಿರುಗಿಸಿದ್ರೆ ಮತ್ತೆ ಹಿಂದಿಂದೇ ಬಂತು. ನಾನೇ ಎಲ್ಲೋ ಮರೆತೆ ಅಂತ ಇನ್ನೊಂದ್ಸಲ ಓದಿದೆ. ಆಮೇಲೆ ನೋಡಿದ್ರೆ ಮನೇಲಿ ಅತ್ತೇನೇ ಇಲ್ಲ. ಏನಾದ್ಲು?”

ನೂರಾಹನ್ನೆರಡರವರು ಸಭೆಯ ಕಡೆ ತಿರುಗಿ ನಕ್ಕರು. “ಅದು ತಂತ್ರಮ್ಮಾ. ಸಾವನ್ನ ನೇರವಾಗಿ ಹೇಳಬಾರದು. ಆ ಮೌನವನ್ನ ಓದುಗರೇ ತುಂಬಿಕೋಬೇಕು.”

“ಸತ್ಲಾ ಹಾಗಾದ್ರೆ?”

“ಅಂತ ಇಟ್ಕೊಳಿ.”

“ಹೇಗೆ ಇಟ್ಕೊಳೋದು ಸಾಹೇಬ್ರೇ? ನೂರ ಎಪ್ಪತ್ತನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಬಾಗಿಲ ಹತ್ರ ಅತ್ತೆ ಚಪ್ಪಲಿ ಇರಲಿಲ್ಲ ಅಂತ. ಸತ್ತೋರು ಚಪ್ಪಲಿ ಮೆಟ್ಕೊಂಡು ಹೋಗ್ತಾರಾ?”

ನೂರಾಹನ್ನೆರಡರವರ ಮುಖದ ಮೇಲಿನ ನಗೆ ಇದ್ದಲ್ಲಿಯೇ ಇತ್ತು, ಅದರ ಹಿಂದೆ ಏನೋ ಹುಡುಕಾಟ ನಡೆಯುತ್ತಿತ್ತು. ಅವರು ಬರೆದು ಎರಡು ವರ್ಷವಾಗಿತ್ತು. ಆಮೇಲೆ ಇನ್ನೂರ ನಲವತ್ತು ಚಿಲ್ಲರೆ ಪುಸ್ತಕ ಓದಿದ್ದರು.

“ಚಪ್ಪಲಿ ಅನ್ನೋದು ಇಲ್ಲಿ ಒಂದು ಸಂಕೇತ,” ಎಂದು ಹಲ್ಲಿನ ಡಾಕ್ಟರು ಅವರನ್ನು ಕೈಹಿಡಿದೆತ್ತಿದರು. ಸಭೆ ನಿರಾಳವಾಗಿ ಉಸಿರುಬಿಟ್ಟಿತು. ಸಂಕೇತವಂತೆ. ಮೊದಲೇ ಹೊಳೆಯಬೇಕಿತ್ತು.

ಲಾಂಡ್ರಿಯಮ್ಮನ ಮುಖ ಕಿವಿಯವರೆಗೂ ಕೆಂಪೇರಿತು. “ನನಗೆ ಅಷ್ಟೆಲ್ಲ ತಿಳಿಯೋದಿಲ್ಲ,” ಎಂದು ಗಂಟು ಇಳಿಸಿ, ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ನಡೆದಳು. ಬರುವಾಗ ಪುಸ್ತಕ ಎಲ್ಲರಿಗೂ ಕಾಣುವಂತಿತ್ತು.

ಮಗಳು ಮಡಿಕೆಯಕ್ಕನ ತೋಳು ಹಿಡಿದು ಎಳೆದಳು. “ಅಮ್ಮಾ, ನಮಗೆ ಗೊತ್ತಲ್ಲ. ಹೇಳು.”

“ಸುಮ್ನಿರು.”

“ಅವರು ಕೇಳ್ಕೊಂಡು ಬಂದಿದ್ದಾರಮ್ಮ.”

ಸುಮ್ಮನಿದ್ದಳು. ಒಂದು ಮಾತು ಆಡಿದರೆ ಮುಂದಿನ ತಿಂಗಳ ಒಲೆ ಉರಿಯುವುದಿಲ್ಲ ಎಂದು ಗೊತ್ತಿದ್ದವರು ಹೇಗಿರುತ್ತಾರೋ ಹಾಗೆ ಸುಮ್ಮನಿದ್ದಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಮಗಳು ಒಂದೂ ಮಾತಾಡಲಿಲ್ಲ. ಆ ಮಗು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದು ಜ್ವರ ಬಂದಾಗ ಮಾತ್ರ. ಇಡೀ ಊರು ಓದಿದ್ದೇನೆಂದು ಸುಳ್ಳು ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿತು. ನಿಜವಾಗಿ ಓದಿದವಳೊಬ್ಬಳು ತಲೆತಗ್ಗಿಸಿಕೊಂಡು ಹೋದಳು, ತನಗೇ ಬುದ್ಧಿ ಸಾಲದೆಂದು. ಅವಳ ಬುದ್ಧಿಗೆ ಏನೂ ಆಗಿಲ್ಲ, ತಪ್ಪಿದ್ದು ನನ್ನ ಕೈ. ಮಡಿಕೆಯಕ್ಕ ಮರುದಿನ ಬೆಳಿಗ್ಗೆ ಮಗಳ ಜಡೆ ಹಾಕುತ್ತ ಹಾಕುತ್ತ ನಿರ್ಧಾರ ಮಾಡಿದಳು. ಜಡೆ ಸ್ವಲ್ಪ ಬಿಗಿಯಾಯಿತು.

ಅಂಗಡಿಗೆ ಹೋದಾಗ ಯಜಮಾನರ ಎದುರು ನೂರಾಹನ್ನೆರಡರವರು ಕೂತಿದ್ದರು. ಕೈಯಲ್ಲಿ ಅವರದೇ ಪುಸ್ತಕ, ನಡುವೆ ಬೆರಳು. ಕಣ್ಣು ಕೆಂಪಾಗಿತ್ತು. ಕೊನೆಗೂ ಅವರು ಅದನ್ನು ಓದಿದ್ದರು.

ಮಡಿಕೆಯಕ್ಕ ಹೊರಗೆ ಕಾಯಬಹುದಿತ್ತು. ಕಾದರೆ ಧೈರ್ಯ ಆರಿಹೋಗುತ್ತದೆಂದು ನೇರ ಒಳಗೆ ಹೋಗಿ ನಿಂತಳು.

“ಸಾರ್, ಆ ಪುಸ್ತಕದ್ದು ನನ್ನ ತಪ್ಪು. ಹತ್ತನೇ ಫಾರಂ ಜಾಗದಲ್ಲಿ ಮಂಕಾದ ಒಂಬತ್ತನ್ನ ಇಟ್ಟುಬಿಟ್ಟೆ. ಐನೂರೂ ಹಾಗೇ ಹೋಯ್ತು. ಗೊತ್ತಾದ ಮೇಲೂ ಹೇಳಲಿಲ್ಲ. ಹತ್ತನೇದು ನಮ್ಮ ಮನೇಲಿದೆ. ನೀವು ಮನೆಗೆ ಹೋಗು ಅಂದ್ರೆ ಹೋಗ್ತೀನಿ.”

ಯಜಮಾನರ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕಪ್ಪಗಾಗತೊಡಗಿತು. ಅವರು ಬಾಯಿ ತೆರೆಯುವ ಮೊದಲೇ ನೂರಾಹನ್ನೆರಡರವರು ಕೆಮ್ಮಿದರು.

“ಯಾವ ತಪ್ಪು?”

“ಅದೇ ಸಾರ್, ಒಂಬತ್ತು ಎರಡು ಸಲ...”

“ಅದು ನಾನೇ ಹೇಳಿ ಮಾಡಿಸಿದ್ದು.” ಅವರು ಮಡಿಕೆಯಕ್ಕನನ್ನು ನೋಡಲಿಲ್ಲ, ಬಾಗಿಲ ಮೇಲಿನ ಗಾಜಿನ ಚೌಕಟ್ಟನ್ನು ನೋಡಿದರು. “ಏನ್ರೀ ಯಜಮಾನ್ರೇ, ನಾನು ನಿಮಗೆ ಹೇಳಿದ್ದೆ ಅಲ್ವಾ?”

ಯಜಮಾನರೂ ಚೌಕಟ್ಟನ್ನು ನೋಡಿದರು. “ಹೇಳಿದ್ರಿ ಸಾರ್,” ಎಂದರು. ಕ್ಷಣ ಬಿಟ್ಟು, “ಎರಡು ಸಲ ಹೇಳಿದ್ರಿ,” ಎಂದು ಸೇರಿಸಿದರು. ಅಲ್ಲಿಗೆ ಮಡಿಕೆಯಕ್ಕನ ಹದಿನೇಳು ವರ್ಷದ ಒಂದೇ ಒಂದು ತಪ್ಪೂ ಅವಳದಲ್ಲದೆ ಹೋಯಿತು.

“ಎರಡನೇ ಮುದ್ರಣ ಆಗ್ಬೇಕು,” ಎಂದರು ನೂರಾಹನ್ನೆರಡರವರು. “ಸಾವಿರ ಪ್ರತಿ. ಮಕ್ಕೀಕಾಮಕ್ಕಿ ಮೊದಲಿನ ಹಾಗೇ. ಎರಡನೇ ಒಂಬತ್ತು ಮಂಕಾಗೇ ಬರಬೇಕು, ಪ್ರೆಸ್ಸಿನವರಿಗೆ ಹೇಳಿ. ಈ ಕೆಲಸ ಇವರೇ ಮಾಡಲಿ, ಇವರಿಗೆ ಕೈ ಕೂತಿದೆ.”

“ಇವಳು ಬಿಟ್ರೆ ಬೇರೆ ಯಾರಿಗೂ ಬರಲ್ಲ ಸಾರ್,” ಎಂದರು ಯಜಮಾನರು ಹೆಮ್ಮೆಯಿಂದ.

“ಹತ್ತನೇ ಫಾರಂ ಅಚ್ಚು ಹಾಕೋದೇ ಬೇಡ್ವಾ ಹಾಗಾದ್ರೆ?” ಎಂದಳು ಮಡಿಕೆಯಕ್ಕ.

ಯಜಮಾನರು ಫೋನು ಎತ್ತಿಕೊಂಡು ಆ ಕಡೆ ತಿರುಗಿದರು. ನೂರಾಹನ್ನೆರಡರವರು ಎದ್ದು, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

“ನಿಮ್ಮ ಮನೇಲಿದೆ ಅಂದ್ರಲ್ಲ... ಒಂದು ಪ್ರತಿ ನನಗೆ ತಂದುಕೊಡ್ತೀರಾ? ಹಸ್ತಪ್ರತಿ ಎಲ್ಲಿ ಹೋಯ್ತೋ ಸಿಗ್ತಾ ಇಲ್ಲ.” ಮತ್ತೆ ತಡೆದರು. “ಆಕೆ... ಸಾಯಲ್ಲ ಅಲ್ವಾ?”

“ಇಲ್ಲ ಸಾರ್. ಚಪ್ಪಲಿ ಮೆಟ್ಕೊಂಡು ನಗ್ತಾ ಹೋಗ್ತಾಳೆ. ಬಹಳ ಚೆನ್ನಾಗಿ ಬರೆದಿದ್ದೀರಿ.”

ವರ್ಷವಿಡೀ ಹೊಗಳಿಸಿಕೊಂಡಿದ್ದ ಮನುಷ್ಯ ಆ ಮಾತಿಗೆ ಮಾತ್ರ ಕಕ್ಕಾಬಿಕ್ಕಿಯಾದರು. ಚೌಕಟ್ಟಿನ ಕೆಳಗೆ ಸ್ವಲ್ಪ ಬಗ್ಗಿಕೊಂಡು ಹೊರಟುಹೋದರು. ಬಗ್ಗುವಷ್ಟು ಕೆಳಗೆ ಅದನ್ನು ತೂಗುಹಾಕಿರಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನದ ಬಿಡುವಿನಲ್ಲಿ ಮಡಿಕೆಯಕ್ಕ ಲಾಂಡ್ರಿಯಿಂದ ಪುಸ್ತಕ ಕೇಳಿ ತಂದಳು. ರಟ್ಟು ಬಿಡಿಸಿ, ದಾರ ಕತ್ತರಿಸಿ, ಮಂಕಾದ ಒಂಬತ್ತನ್ನು ಎಳೆದುಹಾಕಿ, ಅದರ ಜಾಗದಲ್ಲಿ ಹತ್ತನ್ನು ಕೂರಿಸಿದಳು. ಕಟಿಂಗಿನಣ್ಣ ಊಟ ಬಿಟ್ಟು ಬಂದು ಅಂಚು ಸಮ ಮಾಡಿಕೊಟ್ಟ. ಅಂಟು ಹಚ್ಚುವ ಮೊದಲು ಅವಳು ಬೆನ್ನನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೆರಡು ಮೆಟ್ಟಿಲು, ಒಂದೂ ಬಿಡದೆ ಇಳಿದಿದ್ದವು.

“ಸಾವಿರ ತಪ್ಪು ಪುಸ್ತಕ ಮಾಡೋದಿದೆ, ಒಂದು ಸರಿ ಮಾಡೋಕೆ ಕೂತಿದ್ದೀಯಲ್ಲ,” ಎಂದ ಕಟಿಂಗಿನಣ್ಣ.

“ಓದೋರು ಎಷ್ಟಿದ್ದಾರೋ ಅಷ್ಟು ಮಾಡ್ತೀನಿ ಅಣ್ಣ.”

ಶಾಲೆ ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ಲಾಂಡ್ರಿಗೆ ಹೋದಳು. ಮಷೀನುಗಳು ಗಡಗಡ ತಿರುಗುತ್ತಿದ್ದವು, ಕಟ್ಟೆಯ ಮುಂದೆ ಆರು ಜನ ನಿಂತಿದ್ದರು. ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿ, “ನಿಮ್ಮ ಬುದ್ಧಿಗೆ ಏನೂ ಆಗಿಲ್ಲಮ್ಮ, ನನ್ನ ಕೈ ತಪ್ಪಿತ್ತು,” ಎಂದು ಪುಸ್ತಕ ಕೊಟ್ಟಳು. ಲಾಂಡ್ರಿಯಮ್ಮ ಅವಳ ಮುಖವನ್ನೊಮ್ಮೆ ನೋಡಿ, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ನೂರ ನಲವತ್ತನಾಲ್ಕನೇ ಪುಟ ತೆಗೆದಳು. ತಿರುಗಿಸಿದಳು. ನೂರ ನಲವತ್ತೈದು. ಅಲ್ಲೇ ಇಸ್ತ್ರಿ ಮೇಜಿಗೆ ಒರಗಿ ನಿಂತುಬಿಟ್ಟಳು.

ಹೊತ್ತು ಹೋಯಿತು. ಒಂದು ಮಷೀನು ನಿಂತಿತು, ಯಾರೂ ಬಾಗಿಲು ತೆಗೆಯಲಿಲ್ಲ.

“ನನ್ನ ಶರ್ಟು ಆಯ್ತಾಮ್ಮಾ?” ಎಂದರು ಸಾಲಿನ ಮುಂದಿದ್ದ ಹಲ್ಲಿನ ಡಾಕ್ಟರು. “ನಾನು ಬಳಗಕ್ಕೆ ಹೋಗ್ಬೇಕು. ಹೊಸ ವರ್ಷದ ಹಲಗೆ ಶುರುವಾಗ್ತಿದೆ.”

ಲಾಂಡ್ರಿಯಮ್ಮ ತಲೆಯೆತ್ತಲಿಲ್ಲ. ಒಂದು ಬೆರಳು ಮಾತ್ರ ಮೇಲೆತ್ತಿದಳು.

“ಅತ್ತೆ ಇನ್ನೂ ಅಟ್ಟದ ಮೇಲಿದ್ದಾಳೆ. ನಿಲ್ಲಿ.”

ಮಡಿಕೆಯಕ್ಕನ ಮಗಳು ಹಿಮ್ಮಡಿ ಎತ್ತಿ ಕಟ್ಟೆಯ ಮೇಲಿಂದ ಪುಟ ಎಷ್ಟೆಂದು ಇಣುಕಿ ನೋಡಿ, ಅಮ್ಮನ ಕಿವಿಯಲ್ಲಿ, “ಇನ್ನು ಮೂರು ಪುಟಕ್ಕೆ ಟ್ರಂಕು ಇಳಿಸ್ತಾಳೆ,” ಎಂದಳು. ಅಮ್ಮ ಅವಳ ಬಾಯಿ ಮುಚ್ಚಿದಳು. ಡಾಕ್ಟರು ಗಡಿಯಾರ ನೋಡಿಕೊಂಡರು, ಹಿಂದಿನವರು ಗೊಣಗಿದರು, ಎರಡನೆಯ ಮಷೀನೂ ನಿಂತಿತು. ಮನೆಯಲ್ಲಿ ಕೆಲಸ ಕಾದಿತ್ತು. ಆದರೂ ಮಡಿಕೆಯಕ್ಕ ಬಾಗಿಲ ಪಕ್ಕದಲ್ಲಿ ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಸೋದರತ್ತೆ ಗೇಟು ದಾಟುವವರೆಗೂ ನೋಡಿಕೊಂಡೇ ಹೋಗುವುದೆಂದು ಅವಳು ಬಂದಿದ್ದಳು.